ತಿಪ್ಪಮ್ಮನ ಗೋಡೆ ಮೇಲಿನ ಸೇಜ್ ಗಿಡ

ನಾನೂ ನನ್ನ ವಾರಗಿತ್ತಿ ತಿಪ್ಪಮ್ಮನೂ ನಲವತ್ತು ವರ್ಷ ಒಂದೇ ಸಂಚಿಯಿಂದ ಎಲೆಅಡಿಕೆ ಹಾಕಿದವರು. ಒಂದೇ ಸುಣ್ಣದ ಡಬ್ಬಿ, ಒಂದೇ ಹೊಗೆಸೊಪ್ಪಿನ ಕಟ್ಟು. ಕಳೆ ಕೀಳಲು ಹೋದಾಗ ಬದುವಿನ ಮೇಲೆ ಕೂತು ಅವಳು ಎಲೆಗೆ ಸುಣ್ಣ ಹಚ್ಚುತ್ತಿದ್ದಳು, ನಾನು ಹೊಗೆಸೊಪ್ಪು ಹರಿದು ಎರಡು ಪಾಲು ಮಾಡುತ್ತಿದ್ದೆ. ಪಾಲು ಸಮ ಇರಬೇಕಿತ್ತು. ಒಂದು ಚೂರು ಕಮ್ಮಿಯಾದರೂ ಅವಳು ಬಿಡುತ್ತಿರಲಿಲ್ಲ. ಬಾಯಿಯ ಕ್ಯಾನ್ಸರ್ ಬಂದದ್ದು ಮಾತ್ರ ನನಗೊಬ್ಬಳಿಗೆ.

ಆಸ್ಪತ್ರೆಯಲ್ಲಿ ನನಗೆ ಧೈರ್ಯ ಹೇಳಿದವರು ಬೇಕಾದಷ್ಟು ಜನ. ದೇವರಿದ್ದಾನೆ ಎಂದರು, ಮನಸ್ಸು ಗಟ್ಟಿ ಮಾಡಿಕೋ ಎಂದರು. ಚೆನ್ನಾಗಿರುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ ಎಂದು ಮಾತ್ರ ಒಬ್ಬರೂ ಹೇಳಲಿಲ್ಲ. ನನಗೆ ಉರಿಯಿತು. ನನಗೊಬ್ಬಳಿಗೇ ಹೀಗೆ, ನಾನೇ ಪಾಪಿ ಎಂದುಕೊಂಡು ಕೂತಿದ್ದೆ. ನಿಮಗೂ ಹಾಗಾಗುತ್ತಿದ್ದರೆ ಇದನ್ನು ಓದಿ. ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಒತ್ತಕ್ಷರಗಳನ್ನು ತಿಪ್ಪಮ್ಮನ ಮೊಮ್ಮಗಳು ಕಾವ್ಯ ತಿದ್ದಿದ್ದಾಳೆ. ಮಾತು ನನ್ನದೇ.

ನಮ್ಮ ಊರು ಐಮಂಗಲದ ಹತ್ತಿರ. ಹೈವೇಯಿಂದ ಒಳಗೆ ಎರಡು ಮೈಲಿ. ನನ್ನ ಮನೆಗೂ ತಿಪ್ಪಮ್ಮನ ಮನೆಗೂ ನಡುವೆ ಒಂದೇ ಗೋಡೆ. ನಮ್ಮ ಗಂಡಂದಿರು ಅಣ್ಣ ತಮ್ಮ, ಅವರು ಪಾಲಾದಾಗ ಕಟ್ಟಿದ್ದು. ಅವರಿಬ್ಬರೂ ಈಗ ಇಲ್ಲ, ಗೋಡೆ ಇದೆ. ನಾನು ಮಗ ಸೊಸೆಯ ಜೊತೆ ಈ ಕಡೆ, ಅವಳು ತನ್ನ ಮಗ ಸೊಸೆಯ ಜೊತೆ ಆ ಕಡೆ. ವಯಸ್ಸಿನಲ್ಲಿ ನಾನು ನಾಲ್ಕು ವರ್ಷ ದೊಡ್ಡವಳು. ಅವಳು ನನ್ನನ್ನು ಅಕ್ಕ ಎನ್ನುತ್ತಾಳೆ, ನಾನು ಅವಳನ್ನು ತಿಪ್ಪಿ ಎನ್ನುತ್ತೇನೆ.

ಒಂದು ಯುಗಾದಿಯ ದಿನ ಕಾಯಿ ಚಟ್ನಿ ಬಾಯಿಗಿಟ್ಟರೆ ಎಡಗೆನ್ನೆಯ ಒಳಗೆ ಬೆಂಕಿ ಇಟ್ಟ ಹಾಗಾಯಿತು. ಹೊಗೆಸೊಪ್ಪು ಒತ್ತಿಟ್ಟುಕೊಳ್ಳುವ ಜಾಗ ಅದು. ಅಲ್ಲಿ ಬೆಳ್ಳನೆಯ ಮಚ್ಚೆ ಇದ್ದದ್ದು ನಾಲಿಗೆಗೆ ಗೊತ್ತಾಗುತ್ತಿತ್ತು, ಆದರೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತುಪ್ಪ ಹಚ್ಚಿದೆ, ಜೇನುತುಪ್ಪ ಹಚ್ಚಿದೆ. ಹಲ್ಲು ಕೆಟ್ಟಿದೆ, ಕೀಳಿಸಿಕೋ ಎಂದು ತಿಪ್ಪಮ್ಮ ಹೇಳಿದಳು. ಮೂರು ತಿಂಗಳು ಹಾಗೇ ತಳ್ಳಿ, ಆಮೇಲೆ ಹಿರಿಯೂರಿಗೆ ಹೋಗಿ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತೆ. ಅವರು ದೀಪ ಹಾಕಿ ನೋಡಿದರು. ಹಲ್ಲನ್ನು ಮುಟ್ಟಲೇ ಇಲ್ಲ. ಹೊಗೆಸೊಪ್ಪು ಎಷ್ಟು ವರ್ಷದಿಂದ ಎಂದು ಕೇಳಿ, ಕೈ ತೊಳೆದುಕೊಂಡು, ದುರ್ಗದ ಆಸ್ಪತ್ರೆಗೆ ಚೀಟಿ ಬರೆದರು. ಹಲ್ಲು ಕೀಳಿಸಿಕೊಳ್ಳಲು ಹೋದವಳು ಹಲ್ಲನ್ನು ಇಟ್ಟುಕೊಂಡು ವಾಪಸ್ಸು ಬಂದೆ. ಬಸ್ಸಿನಲ್ಲಿ ಅದೇ ಒಂದು ಲಾಭ ಎಂದುಕೊಂಡೆ.

ದುರ್ಗದಲ್ಲಿ ಕೆನ್ನೆಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನ ಬಿಟ್ಟು ಬನ್ನಿ ಎಂದರು. ಹತ್ತನೇ ದಿನ ನನ್ನ ಮಗಳು ಮಂಜುಳ ಹೊಳಲ್ಕೆರೆಯಿಂದ ಬಂದಳು. ಅವಳು ಅಲ್ಲಿ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ತಿಪ್ಪಮ್ಮನೂ ಬಂದಿದ್ದಳು. ಡಾಕ್ಟರು ಮಂಜುಳನನ್ನು ಮಾತ್ರ ಒಳಗೆ ಕರೆದರು. ಹೊರಗೆ ಬಂದ ಮಂಜುಳ ನನ್ನ ಮುಖ ನೋಡದೆ ಗೋಡೆಗೆ ಹಚ್ಚಿದ್ದ ಕಾಗದ ಓದುತ್ತ ನಿಂತಳು. ಅಲ್ಲಿಗೆ ನನಗೆ ಗೊತ್ತಾಯಿತು.

ಅಳು ಬಂದದ್ದು ತಿಪ್ಪಮ್ಮನಿಗೆ. ಅಷ್ಟು ಜನರ ನಡುವೆ ಬಾಯಿ ಬಿಟ್ಟು ಅತ್ತಳು. ನಾನು ಆ ಬಾಯಿಯನ್ನೇ ನೋಡಿದೆ. ಎಲೆಅಡಿಕೆಯ ಕೆಂಪು ಬಿಟ್ಟರೆ ಏನೂ ಕಾಣಲಿಲ್ಲ. ನನ್ನ ರೋಗದ ಹೆಸರು ಗೊತ್ತಾಗಿ ಇನ್ನೂ ಹತ್ತು ನಿಮಿಷ ಆಗಿರಲಿಲ್ಲ, ಅಷ್ಟರಲ್ಲೇ ನನಗೆ ಅವಳ ಮೇಲೆ ಹೊಟ್ಟೆಕಿಚ್ಚು ಶುರುವಾಗಿತ್ತು.

ಆಪರೇಷನ್ ಆದದ್ದು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ. ಕೆನ್ನೆಯ ಒಳಭಾಗ ತೆಗೆದು, ಎದೆಯ ಕಡೆಯಿಂದ ಮಾಂಸ ತಂದು ಹೊಲಿದರು. ಮೂಗಿಗೆ ನಳಿಗೆ ಹಾಕಿದರು. ಅದರಲ್ಲೇ ರಾಗಿ ಗಂಜಿ, ಅದರಲ್ಲೇ ಹಾಲು. ಬಾಯಿಗೆ ಏನೂ ಇಲ್ಲ. ಮಾತೂ ಇಲ್ಲ. ಮಂಜುಳ ಅಂಗನವಾಡಿಯಿಂದ ಒಂದು ಸ್ಲೇಟು ಬಳಪ ತಂದುಕೊಟ್ಟಳು. ಐವತ್ತು ವರ್ಷದ ಮೇಲೆ ಬಳಪ ಹಿಡಿದೆ. ನೀರು ಎಂದು ಬರೆಯಲು ಹೋಗಿ ಮೂರು ಸಲ ಒರೆಸಿದೆ. ಡಾಕ್ಟರು ಬಂದಾಗ, ಏನಾದರೂ ಕೇಳುವುದಿದೆಯೇ ಅಜ್ಜಿ ಎಂದರು. ನಾನು ಬರೆದು ತೋರಿಸಿದ್ದು ಇಷ್ಟು: ತಿಪ್ಪಿಗೆ ಯಾಕೆ ಬರಲಿಲ್ಲ?

ತಿಪ್ಪಿ ಯಾರು ಎಂದು ಅವರು ಮಂಜುಳನನ್ನು ಕೇಳಿದರು. ಮಂಜುಳ ನಾಚಿಕೊಂಡು ಹೇಳಿದಳು. ಡಾಕ್ಟರು ನಗಲಿಲ್ಲ. ಒಬ್ಬರಿಗೆ ಬರುತ್ತದೆ, ಒಬ್ಬರಿಗೆ ಬರುವುದಿಲ್ಲ, ಯಾಕೆ ಎಂದು ನಮಗೂ ಹೇಳಲು ಆಗುವುದಿಲ್ಲ ಎಂದರು. ಅಷ್ಟು ಓದಿದವರಿಗೂ ಗೊತ್ತಿಲ್ಲ ಎಂದು ಕೇಳಿ ನನಗೆ ಸಮಾಧಾನವೇನೂ ಆಗಲಿಲ್ಲ.

ಗಾಯ ಮಾಗಿದ ಮೇಲೆ ಕರೆಂಟು ಕೊಡುವುದು ಎಂದರು. ನಮ್ಮ ಕಡೆ ರೇಡಿಯೇಷನ್ನಿಗೆ ಹಾಗೆ ಹೇಳುತ್ತಾರೆ. ಅದಕ್ಕೆ ಮೊದಲು, ಕೆಟ್ಟ ಹಲ್ಲು ಆಮೇಲೆ ತೊಂದರೆ ಕೊಡುತ್ತವೆ ಎಂದು ಕಿತ್ತರು. ಉಳಿದದ್ದು ಒಂಬತ್ತು. ಮೂಗಿನ ನಳಿಗೆ ತೆಗೆದಿದ್ದರು, ಗಂಜಿಯನ್ನು ಚಮಚದಲ್ಲಿ ಕುಡಿಯುತ್ತಿದ್ದೆ. ವಾರಕ್ಕೆ ಐದು ದಿನ, ಆರು ವಾರ. ನಾನು ಹೊಳಲ್ಕೆರೆಯಲ್ಲಿ ಮಗಳ ಮನೆಯಲ್ಲಿದ್ದೆ. ಬೆಳಗಿನ ಬಸ್ಸಿಗೆ ದಾವಣಗೆರೆಗೆ ಹೋಗಿ ಮಧ್ಯಾಹ್ನದ ಬಸ್ಸಿಗೆ ವಾಪಸ್ಸು. ಮುಖಕ್ಕೆ ಬಲೆಯಂಥ ಮುಖವಾಡ ಹಾಕಿ ಮೇಜಿಗೆ ಬಿಗಿಯುತ್ತಿದ್ದರು. ಅದು ಐದಾರು ನಿಮಿಷದ ಕೆಲಸ. ಅದಕ್ಕಾಗಿ ಎರಡು ಗಂಟೆ ಹೊರಗೆ ಬೆಂಚಿನ ಮೇಲೆ ಕಾಯುವುದು.

ಆ ಬೆಂಚಿನ ಮೇಲೆ ಕೂತು ನಾನು ಮಾಡಿದ ಕೆಲಸ ಒಂದೇ. ಯಾರು ನನಗಿಂತ ಚೆನ್ನಾಗಿದ್ದಾರೆ ಎಂದು ನೋಡುವುದು. ಒಬ್ಬ ಮುದುಕನಿಗೆ ಇನ್ನು ಮೂರೇ ದಿನ ಬಾಕಿ, ಅವನನ್ನು ಕಂಡರೆ ಆಗುತ್ತಿರಲಿಲ್ಲ. ಒಬ್ಬಳಿಗೆ ರೋಗ ಎದೆಯಲ್ಲಿ. ಅವಳು ಹೊರಗಿನ ಗಾಡಿಯಿಂದ ಮಂಡಕ್ಕಿ ಮಿರ್ಚಿ ತರಿಸಿ ನನ್ನ ಪಕ್ಕದಲ್ಲೇ ಕೂತು ಕರುಮ್ ಕುರುಮ್ ಎಂದು ತಿಂದಳು. ಎದೆಯ ರೋಗ ನನಗೆ ಬಂದು ಬಾಯಿಯದು ಅವಳಿಗೆ ಬಂದಿದ್ದರೆ ಏನಾಗುತ್ತಿತ್ತು ಎಂದು ಕೂತು ಯೋಚಿಸಿದೆ. ಅವಳೂ ರಾತ್ರಿ ನಿದ್ದೆಯಿಲ್ಲದೆ ಅಳುವವಳೇ ಎಂದು ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ಮಂಡಕ್ಕಿಯ ಹೊಟ್ಟೆಕಿಚ್ಚು ಹೋಗಲಿಲ್ಲ.

ಒಳ್ಳೆಯದೂ ಆಯಿತು, ಇಲ್ಲವೆನ್ನುವುದಿಲ್ಲ. ದುರ್ಗದ ಒಬ್ಬ ಸಾಬರ ಹೆಂಗಸು ಗಂಡನನ್ನು ಕರೆತರುತ್ತಿದ್ದಳು. ನನ್ನ ಬಾಯಿಂದ ಜೊಲ್ಲು ಸೋರುವುದನ್ನೂ ಹೊಸ ಟವೆಲ್ಲಿನ ಒರಟಿಗೆ ತುಟಿ ಒಡೆದದ್ದನ್ನೂ ನೋಡಿ, ಮರುದಿನ ತನ್ನ ಹಳೆಯ ದುಪಟ್ಟಾ ಹರಿದು ಆರು ತುಂಡು ಮಾಡಿ, ತೊಳೆದು ಮಡಚಿ ತಂದುಕೊಟ್ಟಳು. ಹೆಸರು ಕೇಳಬೇಕೆಂದರೆ ನನಗೆ ಮಾತಿಲ್ಲ, ಬರೆದು ತೋರಿಸೋಣವೆಂದರೆ ಅವಳಿಗೆ ಓದು ಬರುವುದಿಲ್ಲ. ಆ ತುಂಡುಗಳು ಇನ್ನೂ ನನ್ನ ಹತ್ತಿರ ಇವೆ.

ನಾಲ್ಕನೇ ವಾರಕ್ಕೆ ಬಾಯೆಲ್ಲ ಹುಣ್ಣಾಯಿತು. ರುಚಿ ಹೋಯಿತು. ಉಪ್ಪೂ ಒಂದೇ ಬೆಲ್ಲವೂ ಒಂದೇ, ಎರಡೂ ಮಣ್ಣು. ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು.

ನವರಾತ್ರಿಯ ಹೊತ್ತಿಗೆ ಕರೆಂಟು ಮುಗಿಯಿತು. ಕೊನೆಯ ದಿನ ಮಂಜುಳ ಔಷಧಿಯ ಕಿಟಕಿಯ ಮುಂದೆ ನಿಂತಿದ್ದಳು. ಡಾಕ್ಟರು ನನ್ನೊಬ್ಬಳನ್ನೇ ನೋಡಿ, “ಅಜ್ಜಿ, ನಿಮ್ಮ ತಿಪ್ಪಿಯನ್ನೂ ಒಂದ್ಸಲ ಕರ್ಕೊಂಡು ಬನ್ನಿ. ನಿಮ್ಮಷ್ಟೇ ವರ್ಷ ಹಾಕಿದಾರಲ್ಲ, ಬಾಯಿ ನೋಡ್ಬೇಕು. ಇಲ್ಲಿಗೆ ಆಗದಿದ್ರೆ ದುರ್ಗದಲ್ಲೇ ತೋರಿಸ್ಲಿ,” ಎಂದರು. ನಾನು ತಲೆ ಆಡಿಸಿದೆ.

ಆ ಮಾತನ್ನು ನಾನು ಮನೆಗೆ ತರಲಿಲ್ಲ. ಮರೆತೆ ಎಂದು ಬರೆದರೆ ಯಾರೂ ಕೇಳುವುದಿಲ್ಲ. ಮರೆತಿರಲಿಲ್ಲ. ಅವಳು ಡಾಕ್ಟರ ಹತ್ತಿರ ಹೋದರೆ ಏನೂ ಇಲ್ಲ ಎನ್ನುತ್ತಾರೆ, ಅದನ್ನು ಅವಳು ಊರೆಲ್ಲ ಹೇಳಿಕೊಂಡು ಬರುತ್ತಾಳೆ, ಅದನ್ನು ನಾನು ಕೂತು ಕೇಳಬೇಕು. ಬೇಡ ಎನ್ನಿಸಿತು. ಅದಕ್ಕಿಂತ ಕೆಟ್ಟ ಯೋಚನೆಯೂ ಒಂದಿತ್ತು. ಇದ್ದರೆ ಇರಲಿ, ಅವಳಿಗೂ ಗೊತ್ತಾಗಲಿ ಎಂದು.

ಊರಿಗೆ ಬರುವ ಹೊತ್ತಿಗೆ ನನಗೆ ಅಷ್ಟಿಷ್ಟು ಮಾತು ಬರತೊಡಗಿತ್ತು. ತಿಪ್ಪಮ್ಮ ನನ್ನ ಮುಂದೆ ಎಲೆಅಡಿಕೆ ಹಾಕುವುದನ್ನು ಬಿಟ್ಟಿದ್ದಳು. ಕೊಟ್ಟಿಗೆಯ ಹಿಂದೆ ಹೋಗಿ ಹಾಕಿಕೊಂಡು ಬರುತ್ತಿದ್ದಳು. ತುಟಿ ಕೆಂಪಗಿರುತ್ತಿತ್ತು. ಬಂದು ನನ್ನ ಪಕ್ಕ ಕೂತು ಊರಿನ ಸುದ್ದಿ ಹೇಳುತ್ತಿದ್ದಳು. ನಾನು ಸುದ್ದಿ ಕೇಳುತ್ತಿರಲಿಲ್ಲ. ಅವಳ ಬಾಯಿ ಎಷ್ಟು ಸಲೀಸಾಗಿ ತೆರೆದು ಮುಚ್ಚುತ್ತದೆ ಎಂದು ನೋಡುತ್ತಿದ್ದೆ.

ಸೇಜ್ ಗಿಡ ಬಂದದ್ದು ದೀಪಾವಳಿಯ ಮುಂದಿನ ವಾರ. ಕಾವ್ಯ ತೋಟಗಾರಿಕೆ ಓದುತ್ತಾಳೆ. ರಜೆಗೆ ಬರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸಸಿ ತಂದಳು. ಒಂದು ನನಗೆ, ಒಂದು ಅವಳ ಅಜ್ಜಿಗೆ. ಹೊರದೇಶದ ಸೊಪ್ಪು, ನಮ್ಮ ದೊಡ್ಡಪತ್ರೆಯ ದೂರದ ನೆಂಟ ಎಂದಳು. ಎಲೆ ಬೂದಿ ಬಣ್ಣ, ಉದ್ದಕ್ಕಿದೆ, ಮುಟ್ಟಿದರೆ ಎಳೆಗರುವಿನ ಕಿವಿಯ ಹಾಗೆ ಮೆತ್ತಗೆ. ನಾಲ್ಕು ಎಲೆಯನ್ನು ಬಿಸಿನೀರಿಗೆ ಹಾಕಿ ಮುಚ್ಚಿಟ್ಟು, ಆರಿದ ಮೇಲೆ ಬಾಯಿ ಮುಕ್ಕಳಿಸಬೇಕಂತೆ. ನಾನು ಯಾರೋ ಹೇಳಿದ ಸೊಪ್ಪನ್ನೆಲ್ಲ ಬಾಯಿಗೆ ಹಾಕುವವಳಲ್ಲ. ಮಂಜುಳನ ಕೈಯಲ್ಲಿ ಡಾಕ್ಟರಿಗೆ ಫೋನು ಮಾಡಿಸಿದೆ. ಉಪ್ಪುನೀರು ಬಿಡಬೇಡಿ, ಇದನ್ನು ನುಂಗಬೇಡಿ, ಉರಿದರೆ ನಿಲ್ಲಿಸಿ, ಇದರಿಂದ ರೋಗ ವಾಸಿಯಾಗುತ್ತದೆ ಎಂದು ಮಾತ್ರ ತಿಳಿಯಬೇಡಿ ಎಂದರಂತೆ.

ಮೊದಲ ದಿನ ಕಾವ್ಯ ಎಲೆ ಹಿಸುಕಿ ನನ್ನ ಮೂಗಿನ ಹತ್ತಿರ ಹಿಡಿದಳು. ಎಷ್ಟೋ ದಿನದ ಮೇಲೆ ನನಗೆ ಒಂದು ವಾಸನೆ ಗೊತ್ತಾಯಿತು. ಕರ್ಪೂರದ್ದೂ ಅಲ್ಲ, ದೊಡ್ಡಪತ್ರೆಯದೂ ಅಲ್ಲ. ಕಣ್ಣಲ್ಲಿ ನೀರು ಬಂತು. ಘಾಟಿಗೆ ಎಂದು ಹೇಳಿದೆ.

ಈ ಗಿಡಕ್ಕೆ ನೀರು ಕಮ್ಮಿ ಹಾಕಬೇಕು ಎಂದು ಕಾವ್ಯ ಮೂರು ಸಲ ಹೇಳಿದ್ದಳು. ಜಲ್ಲಿ ಮಣ್ಣು, ಮರಳು, ಬಿಸಿಲು. ಬೆರಳು ಮಣ್ಣಿನೊಳಗೆ ಇಟ್ಟು ನೋಡಿ, ಒಣಗಿದ್ದರೆ ಮಾತ್ರ ನೀರು. ನಾನು ಕೇಳಿಸಿಕೊಂಡೆ, ನಂಬಲಿಲ್ಲ. ನಮ್ಮ ಸೀಮೆಯಲ್ಲಿ ನೀರಿಲ್ಲದೆ ಸತ್ತ ಗಿಡ ನೋಡಿದ್ದೇವೆ, ನೀರು ಹೆಚ್ಚಾಗಿ ಸತ್ತದ್ದನ್ನು ಯಾರು ನೋಡಿದ್ದಾರೆ? ನಲ್ಲಿ ಬರುವ ದಿನ ಮೊದಲು ಕೊಡ ತುಂಬಿ, ಉಳಿದರೆ ಪಾತ್ರೆ, ಅದರಲ್ಲೂ ಉಳಿದರೆ ಗಿಡ. ಅಂಥ ಕಡೆ ಒಂದು ಗಿಡಕ್ಕೆ ದಿನಾ ನೀರು ಹಾಕುವುದೆಂದರೆ ಅದನ್ನು ಮಗುವಿನ ಹಾಗೆ ನೋಡಿಕೊಂಡಂತೆ. ನಾನು ಆ ಸಸಿಯನ್ನು ತುಳಸಿ ಕಟ್ಟೆಯ ಬುಡದಲ್ಲಿ ನೆಟ್ಟೆ. ಎರೆಮಣ್ಣು ಹಾಕಿದೆ, ಸಗಣಿ ಗೊಬ್ಬರ ಹಾಕಿದೆ. ಕಾರ್ತಿಕ ಮಾಸ. ಬೆಳಿಗ್ಗೆ ಮಿಂದು ತುಳಸಿಗೆ ಒಂದು ಚೊಂಬು ನೀರು, ಅದಕ್ಕೆ ಒಂದು ಚೊಂಬು. ಮಧ್ಯಾಹ್ನ ಅಕ್ಕಿ ತೊಳೆದ ನೀರು.

ತಿಪ್ಪಮ್ಮ ತನ್ನ ಸಸಿಯನ್ನು ಏನು ಮಾಡಿದಳು ಗೊತ್ತೇ? ಬಾಯಿ ಒಡೆದ ಹಳೆಯ ಮಡಕೆಗೆ ಹೈವೇ ಬದಿಯಲ್ಲಿ ಬಿದ್ದಿದ್ದ ಜಲ್ಲಿಪುಡಿ, ಒಂದು ಹಿಡಿ ಕೆಮ್ಮಣ್ಣು ತುಂಬಿ, ನೆಟ್ಟು, ನಮ್ಮಿಬ್ಬರ ನಡುವಿನ ಗೋಡೆಯ ಮೇಲಿಟ್ಟು ಮರೆತುಬಿಟ್ಟಳು. ಅವಳು ಮೊದಲಿನಿಂದಲೂ ಸೋಮಾರಿ. ನೆನಪಾದರೆ ಪಾತ್ರೆ ತೊಳೆದ ಕೈಯನ್ನು ಅದರ ಮೇಲೆ ಕೊಡವುತ್ತಿದ್ದಳು, ಅಷ್ಟೇ.

ಪುಷ್ಯ ಮಾಸದಲ್ಲಿ ನನ್ನ ಗಿಡದ ಕೆಳಗಿನ ಎಲೆ ಹಳದಿಯಾಯಿತು. ನೀರು ಸಾಲದು ಎಂದು ಇನ್ನೊಂದು ಚೊಂಬು ಹಾಕಿದೆ. ಕಡ್ಡಿ ಕಪ್ಪಾಯಿತು. ಸಂಕ್ರಾಂತಿಯ ದಿನ ಹಿಡಿದು ಅಲುಗಿಸಿದರೆ ಬೇರುಸಮೇತ ಕೈಗೆ ಬಂತು. ಬೇರು ಕೊಳೆತು ಲೋಳೆಯಾಗಿತ್ತು. ತಲೆ ಎತ್ತಿ ನೋಡಿದರೆ ಗೋಡೆಯ ಮೇಲೆ ತಿಪ್ಪಮ್ಮನದು ಮಡಕೆ ತುಂಬ ಹರಡಿಕೊಂಡು, ಎಲೆಯ ಮೇಲೆ ಬಿಸಿಲು ಬಿದ್ದು ಬೆಳ್ಳಗೆ ಹೊಳೆಯುತ್ತಿತ್ತು.

ನಾನು ಅಳಲಿಲ್ಲ. ಆದರೆ ರೋಗದ ಹೆಸರು ಕೇಳಿದ ದಿನಕ್ಕಿಂತ ಆ ದಿನ ಹೆಚ್ಚು ಸಿಟ್ಟು ಬಂತು. ಗಿಡ ಬೇಕಿದ್ದವಳದು ಕೊಳೆಯಿತು, ಬೇಡವಾಗಿದ್ದವಳದು ಬೆಳೆಯಿತು. ಕೆನ್ನೆಯದೂ ಹೀಗೆ, ಗಿಡದ್ದೂ ಹೀಗೆ.

ತಿಪ್ಪಮ್ಮ ಗೋಡೆಯ ಆ ಕಡೆಯಿಂದ ಇಣುಕಿ, “ಏನಕ್ಕ, ಮೀನು ಸಾಕಕ್ಕೆ ಹೋಗಿದ್ಯಾ ಅದ್ರಾಗೆ?” ಎಂದಳು. ನಾನು ಕೊಳೆತ ಗಿಡವನ್ನು ಗೊಬ್ಬರದ ಗುಂಡಿಗೆ ಎಸೆದೆ. ಬೇಕಾದಷ್ಟು ಎಲೆ ಕಿತ್ತುಕೋ, ನಿನ್ನದೇ ಅಂತ ತಿಳಿ ಎಂದು ಆಮೇಲೆ ಹೇಳಿದಳು. ನನ್ನದೇ ಅಂತ ತಿಳಿಯಲು ಅದು ನನ್ನದಾಗಿರಲಿಲ್ಲ.

ಆದರೂ ಹೋಗಲೇಬೇಕಾಯಿತು. ಆ ನೀರಿನಲ್ಲಿ ಮುಕ್ಕಳಿಸಿದರೆ ಅರ್ಧ ಗಂಟೆ ಬಾಯಿ ಬಾಯಿಯ ಹಾಗೆ ಇರುತ್ತಿತ್ತು. ವಾರಕ್ಕೆ ಎರಡು ಸಲ, ಸಲಕ್ಕೆ ನಾಲ್ಕು ಎಲೆ. ತುದಿಯಿಂದ ಚಿವುಟಬೇಕು, ಆಗ ಪಕ್ಕದಲ್ಲಿ ಕವಲೊಡೆಯುತ್ತದೆ, ಕೆಳಗಿನ ಎಲೆ ಬೋಳಿಸಿದರೆ ಗಿಡ ಸೊರಗುತ್ತದೆ ಎಂದು ಕಾವ್ಯ ಹೇಳಿಕೊಟ್ಟಿದ್ದಳು. ಹಾಗೇ ಮಾಡಿದೆ. ಈ ಸಲ ಅವಳ ಮಾತು ಮೀರಲಿಲ್ಲ. ಬೇರೆಯವರ ಗಿಡ ನೋಡಿ.

ಹೋದಾಗಲೆಲ್ಲ ಆ ಗಿಡವನ್ನು ಅಂಗುಲ ಅಂಗುಲ ನೋಡುತ್ತಿದ್ದೆ. ಎಷ್ಟು ಕವಲು, ಯಾವ ಕವಲಲ್ಲಿ ಎಷ್ಟು ಎಲೆ, ಎಲ್ಲ ಬಾಯಿಪಾಠ. ಹೊಟ್ಟೆಕಿಚ್ಚಿನವರಷ್ಟು ಚೆನ್ನಾಗಿ ಇನ್ನೊಬ್ಬರ ಗಿಡವನ್ನು ಯಾರೂ ನೋಡುವುದಿಲ್ಲ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಹೋದರೆ ಕೆಳಗಿನ ಮೂರು ಕವಲು ಬೋಳು. ನಾನು ಮುಟ್ಟದ ಕವಲುಗಳು ಅವು.

“ಲೇ ತಿಪ್ಪಿ, ಈ ಎಲೆ ಯಾರು ಕಿತ್ತಿದ್ದು?”

“ನೀನೇ ಕಿತ್ಕಂಡು ಹೋದ್ಯಲ್ಲಕ್ಕ ಮೊನ್ನೆ.”

“ನಾನು ಕಿತ್ತಿದ್ದು ನಾಕು. ಅದೂ ಮ್ಯಾಲಿಂದು.”

“ಹಂಗಾರೆ ಮೇಕೆ ತಿಂದಿರ್ಬೇಕು.”

“ಗೋಡೆ ಮ್ಯಾಲೆ ಹತ್ತಿ, ಕಡ್ಡಿ ಬಿಟ್ಟು ಎಲೆ ಅಷ್ಟೇ ಉಗುರಲ್ಲಿ ಚಿವುಟಿ ತಿನ್ನೋ ಮೇಕೆ ಯಾವುದೇ?”

ಅವಳು ಎಮ್ಮೆಗೆ ಹುಲ್ಲು ಹಾಕಬೇಕು ಎಂದು ಎದ್ದು ಹೋದಳು. ಯಾರಿಗೋ ಕೊಡುತ್ತಿದ್ದಾಳೆ ಎಂದುಕೊಂಡೆ. ಸೊಸೆಯ ತವರು ಶ್ರೀರಾಂಪುರದ ಕಡೆ, ಅಲ್ಲಿಗೆ ಕಳಿಸುತ್ತಿರಬೇಕು. ನನ್ನ ಬಾಯಿಗೆ ಬೇಕಾದ ಎಲೆಯನ್ನು ಯಾರ ಬಜ್ಜಿಗೋ ಕೊಡುತ್ತಾಳೆ. ಹಿಡಿದೇ ತೀರುತ್ತೇನೆ ಎಂದು ಮರುದಿನ ಮಧ್ಯಾಹ್ನ ಕೂಗದೆ ಹಿತ್ತಲ ಬಾಗಿಲಿನಿಂದ ಒಳಗೆ ಹೋದೆ.

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒಲೆಯ ಪಕ್ಕದಲ್ಲಿ ಒಂದು ಚೊಂಬು ಮುಚ್ಚಿಟ್ಟಿತ್ತು. ಬೂದಿ ಬಣ್ಣದ ಎಲೆಯ ವಾಸನೆ ಮನೆಯೆಲ್ಲ. ತಿಪ್ಪಮ್ಮ ಊಟಕ್ಕೆ ಕೂತಿದ್ದಳು. ತಟ್ಟೆಯಲ್ಲಿ ಮುದ್ದೆ, ಅದಕ್ಕೆ ಬರೀ ಮಜ್ಜಿಗೆ. ಪಕ್ಕದಲ್ಲಿ ಸಾರಿನ ಪಾತ್ರೆ ಇದ್ದರೂ ಮುಟ್ಟಿರಲಿಲ್ಲ. ತುತ್ತಿಗೊಂದು ಹಸಿಮೆಣಸಿನಕಾಯಿ ಕಡಿಯುತ್ತಿದ್ದ ಹೆಂಗಸು ಇವಳು. ನನಗೆ ಯುಗಾದಿಯ ಚಟ್ನಿ ನೆನಪಾಯಿತು.

“ಬಾಯಿ ತೆರಿ,” ಎಂದೆ.

“ಯಾಕೆ?”

“ತೆರಿಯೇ.”

“ನೀನೇನು ಡಾಕ್ಟ್ರೇನು?”

“ಡಾಕ್ಟ್ರಿಗಿಂತ ಜಾಸ್ತಿ ನೋಡೀನಿ ಅದನ್ನ. ಬಿಸಿಲಿಗೆ ಬಾ, ತೆರಿ.”

ಗದ್ದ ಹಿಡಿದು ಹಿತ್ತಲ ಬಾಗಿಲಿಗೆ ಎಳೆದುಕೊಂಡು ಬಂದೆ. ಬಲಗೆನ್ನೆಯ ಒಳಗೆ ಬೆಳ್ಳನೆಯ ಮಚ್ಚೆ. ಸುಣ್ಣ ಒರೆಸಿ ಬಿಟ್ಟ ಹಾಗೆ. ಬೆರಳಿನಿಂದ ಉಜ್ಜಿದರೆ ಹೋಗಲಿಲ್ಲ. ಅದರ ನಡುವೆ ಅಕ್ಕಿ ಕಾಳಿನಷ್ಟು ಕೆಂಪು.

ನನಗೆ ಮೊದಲು ಬಂದದ್ದು ಭಯವಲ್ಲ. ಬಂತಲ್ಲ ಎನ್ನಿಸಿತು. ಒಂದು ಉಸಿರಿನಷ್ಟು ಹೊತ್ತು ಎದೆ ಹಗುರವಾಯಿತು. ಅದಾದ ಮೇಲೆ ಭಯ ಬಂತು, ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಎರಡನ್ನೂ ಬರೆಯುತ್ತಿದ್ದೇನೆ, ಒಂದನ್ನು ಬಿಟ್ಟರೆ ಸುಳ್ಳಾಗುತ್ತದೆ.

ಎಷ್ಟು ದಿನದಿಂದ ಎಂದು ಕೇಳಿದೆ. ದೀಪಾವಳಿಯಿಂದ ಎಂದಳು. ಮುಂಚೆಯೇ ಯಾಕೆ ಹೇಳಲಿಲ್ಲ ಎಂದೆ.

“ನಿಂಗೆ ಹೇಳದಾ?” ಎಂದಳು. “ಬಂದಾಗಿಂದ ನನ್ನ ಬಾಯೇ ನೋಡ್ಕಂಡು ಕುಂತಿರ್ತೀಯ. ನಂಗೆ ಕಾಣಲ್ವಾ? ಹೇಳಿದ್ರೆ ನಿಂಗೆ ಸಮಾಧಾನ ಆಗ್ತಿತ್ತು. ಅದಕ್ಕೇ ಹೇಳ್ಲಿಲ್ಲ.”

ಇಷ್ಟು ದಿನ ಅವಳಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಹೇಳಿಬಿಟ್ಟೆ.

“ಡಾಕ್ಟ್ರು ನಿನ್ನ ಕರ್ಕಂಬಾ ಅಂದಿದ್ರು. ನವರಾತ್ರೀಲೇ. ನಾನು ಬಂದು ಹೇಳ್ಲಿಲ್ಲ.”

“ಬೇಕಂತಾ?”

“ಬೇಕಂತ.”

ಅವಳು ನನ್ನನ್ನೇ ನೋಡಿದಳು. ಬಯ್ಯುತ್ತಾಳೆ ಎಂದುಕೊಂಡೆ. ಬಯ್ಯಲಿಲ್ಲ. ಚೊಂಬು ಎತ್ತಿಕೊಂಡು ಬಚ್ಚಲಿಗೆ ಹೋಗಿ, ನಿಧಾನವಾಗಿ ಐದಾರು ಸಲ ಮುಕ್ಕಳಿಸಿ ಉಗುಳಿದಳು. ಅಷ್ಟು ಹೊತ್ತೂ ನಾನು ನಿಂತೇ ಇದ್ದೆ. ಹೊರಗೆ ಬಂದು, “ಹೋಗಕ್ಕ, ನಿನ್ನ ಮನೆಗೆ ಹೋಗು,” ಎಂದಳು.

ಎರಡು ದಿನ ಗೋಡೆಯ ಆ ಕಡೆಯಿಂದ ಮಾತಿಲ್ಲ. ನಾನು ಮಂಜುಳನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನೀನು ಹೀಗೆ ಮಾಡಬಾರದಿತ್ತಮ್ಮ ಎಂದಳು. ಅದು ನನಗೆ ಗೊತ್ತಿಲ್ಲವೇ? ನನ್ನ ಬಾಯಿ ನೋಡಿದ್ದ ದುರ್ಗದ ಡಾಕ್ಟರು ಇನ್ನೂ ಅಲ್ಲೇ ಇದ್ದಾರೋ ವಿಚಾರಿಸು ಎಂದು ಹೇಳಿ ಫೋನು ಇಟ್ಟೆ. ತಿಪ್ಪಮ್ಮನ ಸೊಸೆಗೂ ನಾನೇ ಹೇಳಿ, ದುರ್ಗಕ್ಕೆ ಹೋಗುವ ದಿನವನ್ನೂ ತಿಳಿಸಿದೆ. ಮೂರನೇ ದಿನ ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಹೊರಟು ಹೋದರೆ ಸ್ಟಾಪಿನಲ್ಲಿ ತಿಪ್ಪಮ್ಮ ಸೀರೆ ಬದಲಾಯಿಸಿ ನಿಂತಿದ್ದಳು. ನನ್ನ ಕಡೆ ತಿರುಗಲಿಲ್ಲ. ಬಸ್ಸು ಬಂದಾಗ ಹತ್ತಿ, ಸೀಟಿನಲ್ಲಿ ಸರಿದು ಜಾಗ ಬಿಟ್ಟಳು.

ದುರ್ಗದಲ್ಲಿ ಅದೇ ಡಾಕ್ಟರು. ಅವಳ ಕೆನ್ನೆಯಿಂದಲೂ ಒಂದು ಚೂರು ತೆಗೆದರು. ಅವಳಿಗೂ ಹತ್ತು ದಿನ ಬಿಟ್ಟು ಬನ್ನಿ ಎಂದರು. ವಾಪಸ್ಸು ಬರುವಾಗ ಮೂಗಿನ ನಳಿಗೆ ಹಾಕುವಾಗ ನೋವಾಗುತ್ತದೆಯೇ ಎಂದು ಕೇಳಿದಳು. ಆಗುತ್ತದೆ ಎಂದೆ. ಮುಖವಾಡ ಹಾಕಿದಾಗ ಉಸಿರು ಕಟ್ಟುತ್ತದೆಯೇ ಎಂದಳು. ಮೊದಲ ದಿನ ಕಟ್ಟಿದ ಹಾಗಾಗುತ್ತದೆ, ಕಟ್ಟುವುದಿಲ್ಲ ಎಂದೆ. ಧೈರ್ಯದ ಮಾತು ನಾನು ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಆ ಹತ್ತು ದಿನ ಅವಳು ಹೊಗೆಸೊಪ್ಪು ಮುಟ್ಟಲಿಲ್ಲ. ತಲೆನೋವು, ಸಿಡುಕು, ಸೊಸೆಯ ಮೇಲೆ ಕೂಗಾಟ. ನನಗೂ ಹಾಗೇ ಆಗಿತ್ತು. ದಿನಾ ಹೋಗಿ ಅವಳ ಹತ್ತಿರ ಕೂರುತ್ತಿದ್ದೆ. ಒಂದು ದಿನ ಗೋಡೆಯ ಮೇಲಿನ ಮಡಕೆ ತೋರಿಸಿ, “ಅದನ್ನ ತಗಂಡು ಹೋಗು. ನಂಗೂ ಅದೇ ಆದ್ರೆ ಯಾರು ನೋಡ್ಕಂತಾರೆ?” ಎಂದಳು. ಸಂಕ್ರಾಂತಿಯಿಂದ ಆ ಮಡಕೆಯ ಮೇಲೆ ನನಗೆ ಕಣ್ಣಿತ್ತು. ಆದರೆ ಅವಳು ಕೊಡುತ್ತೇನೆ ಎಂದಾಗ ಎತ್ತಲು ಕೈ ಬರಲಿಲ್ಲ. ನೀನು ಯಾವಾಗ ನೋಡಿಕೊಂಡಿದ್ದೀಯ, ಅದು ಅಲ್ಲೇ ಇರಲಿ ಎಂದೆ.

ಬೋಳಾದ ಗಿಡ ಸೊರಗಿತ್ತು, ಬಿಸಿಲೂ ಏರಿತ್ತು. ಮಧ್ಯಾಹ್ನದ ಹೊತ್ತಿಗೆ ನೆರಳು ಬೀಳುವ ಹಾಗೆ ಒಂದು ಗೋಣಿಚೀಲ ಕಟ್ಟಿದೆ. ದಿನಾ ಬೆರಳು ಮಣ್ಣಿಗೆ ಇಟ್ಟು ನೋಡಿದೆ. ಒಣಗಿದ್ದ ದಿನ ಮಾತ್ರ ಅರ್ಧ ಲೋಟ ನೀರು. ಚೊಂಬು ಕೈಯಲ್ಲಿ ಹಿಡಿದು ನೀರು ಹಾಕದೆ ವಾಪಸ್ಸು ಬರುವುದು ಎಷ್ಟು ಕಷ್ಟ ಎಂದು ನಮ್ಮ ಕಡೆಯವರಿಗೆ ಗೊತ್ತು. ಹತ್ತು ದಿನದಲ್ಲಿ ಬೋಳು ಕಡ್ಡಿಯ ಗಿಣ್ಣಿನಲ್ಲಿ ಹುರುಳಿ ಕಾಳಿನಷ್ಟು ಚಿಗುರು ಬಂತು. ತಿಪ್ಪಮ್ಮನಿಗೆ ತೋರಿಸಿದೆ. ಹೂಂ ಎಂದಳು.

ಹತ್ತನೇ ದಿನ ಡಾಕ್ಟರು ಇಬ್ಬರನ್ನೂ ಒಳಗೆ ಕರೆದು ಕೂರಿಸಿದರು. ಕ್ಯಾನ್ಸರ್ ಇಲ್ಲ ಎಂದರು. ಆದರೆ ಆ ಮಚ್ಚೆ ಮುಂದೆ ಅದೇ ಆಗಬಹುದು. ಹೊಗೆಸೊಪ್ಪು ಅಡಿಕೆ ಎರಡೂ ಬಿಡಬೇಕು, ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು, ನಡುವೆ ಮನೆಯಲ್ಲಿ ಯಾರಾದರೂ ವಾರಕ್ಕೊಮ್ಮೆ ನೋಡುತ್ತಿರಬೇಕು, ಹುಣ್ಣು ಕಂಡರೆ ಅವತ್ತೇ ಹೊರಡಬೇಕು ಎಂದರು. ಇನ್ನೂ ತಡ ಮಾಡಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಿದೆ. ಈಗ ಬಂದಿದ್ದೀರಲ್ಲ ಎಂದರು. ಅದು ಉತ್ತರವಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಅವಳಿಗೆ ಏನೂ ಆಗಲಿಲ್ಲ ಎಂದ ಮಾತ್ರಕ್ಕೆ ನಾನು ಮಾಡಿದ್ದು ಸರಿಯಾಗುವುದಿಲ್ಲ.

ಸಂತೋಷದಿಂದ ಅವಳನ್ನು ತಬ್ಬಿಕೊಂಡೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಹಾಗಾಗಲಿಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಅವಳು ನಾಲ್ಕು ಇಡ್ಲಿ ತಿಂದಳು. ನಾನು ಒಂದು ಇಡ್ಲಿಯನ್ನು ಹಾಲಿನಲ್ಲಿ ಕಿವುಚಿ ಅರ್ಧ ತಿಂದೆ. ನಲವತ್ತು ವರ್ಷ ಸಮಪಾಲು, ಇಲ್ಲಿ ಮಾತ್ರ ಅವಳು ತಪ್ಪಿಸಿಕೊಂಡಳಲ್ಲ ಎಂದು ಹೊಟ್ಟೆ ಉರಿಯಿತು. ಆದರೆ ಹತ್ತು ದಿನದಿಂದ ಎದೆಯ ಮೇಲೆ ಕೂತಿದ್ದ ಒಂದು ಕಲ್ಲು ಯಾವಾಗಲೋ ಇಳಿದಿತ್ತು. ಎರಡೂ ಒಂದೇ ಹೊತ್ತಿಗೆ ಇರುತ್ತವೆ. ಅದನ್ನು ಮೊದಲೇ ಯಾರಾದರೂ ಹೇಳಿದ್ದರೆ ನಾನು ಇಷ್ಟು ದಿನ ನನ್ನನ್ನು ನಾನೇ ಬಯ್ದುಕೊಳ್ಳುತ್ತಿರಲಿಲ್ಲ.

ತಿಪ್ಪಮ್ಮ ಕೈ ತೊಳೆದುಕೊಂಡು ಬಂದು, “ಸುಳ್ಳು ಹೇಳಬ್ಯಾಡ. ನಂಗೂ ಬಂದಿದ್ರೆ ಚೆನ್ನಾಗಿರ್ತಿತ್ತು ಅನ್ನಿಸ್ತಿಲ್ವಾ ನಿಂಗೆ?” ಎಂದಳು.

“ಬರಾದು ಬ್ಯಾಡ,” ಎಂದೆ. “ಆದ್ರೆ ನೀನು ನಾಕು ಇಡ್ಲಿ ತಿನ್ನಾದೂ ಬ್ಯಾಡಾಗಿತ್ತು.”

ಅವಳು ನಕ್ಕಳು. ನವರಾತ್ರಿಯ ವಿಷಯ ಅವಳು ಕ್ಷಮಿಸಿದ್ದಾಳೋ ಇಲ್ಲವೋ ಗೊತ್ತಿಲ್ಲ. ನಾನು ಕೇಳಿಲ್ಲ. ಜಗಳವಾದಾಗ ಅದನ್ನು ಎತ್ತುತ್ತಾಳೆ. ಎತ್ತಲಿ.

ಇದಾಗಿ ಒಂದು ವರ್ಷ ದಾಟಿದೆ. ನನ್ನ ಬಾಯಿಗೆ ಉಪ್ಪು ಗೊತ್ತಾಗುತ್ತದೆ, ಸಿಹಿ ಅರ್ಧ ಗೊತ್ತಾಗುತ್ತದೆ, ಖಾರ ಇನ್ನು ಈ ಜನ್ಮಕ್ಕಿಲ್ಲ. ಸೋಮವಾರ ಬೆಳಿಗ್ಗೆ ನಾವಿಬ್ಬರೂ ಅವಳ ಹಿತ್ತಲಿನಲ್ಲಿ ಬಿಸಿಲಿಗೆ ಮುಖ ಮಾಡಿ ಕೂರುತ್ತೇವೆ. ಮೊದಲು ಅವಳು ನನ್ನದು ನೋಡುತ್ತಾಳೆ. ಎರಡು ಬೆರಳಿನಷ್ಟು ತೆರೆಯುವ ಬಾಯಿಯಲ್ಲಿ ನೋಡುವುದು ಹೆಚ್ಚೇನಿಲ್ಲ, ಬೇಗ ಮುಗಿಯುತ್ತದೆ. ಆಮೇಲೆ ಅವಳ ಸರದಿ. ಬಾಯಿ ತೆರೆದರೆ ಕಿರುನಾಲಿಗೆಯವರೆಗೂ ಕಾಣುತ್ತದೆ. ಒಂದು ಹಲ್ಲೂ ಹೋಗಿಲ್ಲ. ನನಗೆ ಪ್ರತಿ ಸೋಮವಾರ ಹೊಟ್ಟೆ ಉರಿಯುತ್ತದೆ. ಸಾಕು ಬಿಡಕ್ಕ, ಗದ್ದ ನೋಯುತ್ತದೆ ಎಂದು ಅವಳು ಗೊಣಗುತ್ತಾಳೆ. ನಾನು ಬಿಡುವುದಿಲ್ಲ. ಬಲಗೆನ್ನೆ, ಎಡಗೆನ್ನೆ, ವಸಡು, ನಾಲಿಗೆ ಎತ್ತಿಸಿ ಅದರ ಅಡಿ, ಎಲ್ಲ ನೋಡಿ ಮುಗಿದ ಮೇಲೇ ಮುಚ್ಚು ಎನ್ನುತ್ತೇನೆ.